‘ರ‍್ಯಾಂಡಮ್ ಆಕ್ಸೆಸ್ ಮೆಮೊರೀಸ್’: 8.8 ಅಂಕ 6.8ಕ್ಕೆ ಇಳಿದದ್ದು ಸರಿಯೇ?

ಮಂದ್ರಸ್ಥಾಯಿ:

ಫ್ರಾನ್ಸಿನ ಎಲೆಕ್ಟ್ರಾನಿಕ್ ಸಂಗೀತದ ಡಾಫ್ಟ್ ಪಂಕ್ ಜೋಡಿಯ ‘ರ‍್ಯಾಂಡಮ್ ಆಕ್ಸೆಸ್ ಮೆಮೊರೀಸ್’ 2013ರ ಮೇ ತಿಂಗಳಲ್ಲಿ ಹೊರಬಂದಾಗ ಅಮೆರಿಕದ ಪಿಚ್‌ಫೋರ್ಕ್ ಪತ್ರಿಕೆ ಅದಕ್ಕೆ ಹತ್ತರಲ್ಲಿ 8.8 ಅಂಕ ಕೊಟ್ಟಿತ್ತು. 2021ರ ಅಕ್ಟೋಬರ್‌ನಲ್ಲಿ ಅದೇ ಪತ್ರಿಕೆ ತನ್ನ ಹಳೆಯ ವಿಮರ್ಶೆಗಳಲ್ಲಿ ಕೆಲವನ್ನು ಆರಿಸಿ ಮರುಮೌಲ್ಯಮಾಪನ ಮಾಡಿತು. ಆಗ ಈ ಆಲ್ಬಂ 6.8ಕ್ಕೆ ಇಳಿಯಿತು. ಇದೇ ಜೋಡಿಯ 2001ರ ‘ಡಿಸ್ಕವರಿ’ ಮೊದಲು ಪಡೆದದ್ದು 6.4. ಅದು ಅದೇ ಪಟ್ಟಿಯಲ್ಲಿ ಪೂರ್ಣ 10ಕ್ಕೆ ಏರಿತು. ಆ ವರ್ಷದ ಫೆಬ್ರುವರಿಯಲ್ಲಷ್ಟೇ ಇಬ್ಬರೂ ತಮ್ಮ ಜೋಡಿಯನ್ನು ಮುಗಿಸಿದ್ದರು ಎಂಬುದನ್ನು ನೆನೆದರೆ, ಆ ಎರಡು ಅಂಕಗಳು ಹೆಚ್ಚುಕಡಿಮೆ ಒಂದು ಶ್ರದ್ಧಾಂಜಲಿ ಲೇಖನದಂತೆಯೇ ಕಾಣುತ್ತವೆ.

ಇಳಿಸಿದ್ದು ತಪ್ಪು ಎಂದು ವಾದಿಸಲು ನಾನು ಇದನ್ನು ಆರಂಭಿಸುತ್ತಿಲ್ಲ. ನನ್ನ ಅನುಮಾನ ಬೇರೆಯದು. 2013ರಲ್ಲಿ ಹೊಗಳಿದವರೂ, 2021ರಲ್ಲಿ ತೆಗಳಿದವರೂ ಆಲ್ಬಮ್ಮಿನ ಸುತ್ತ ಕಟ್ಟಿದ್ದ ಒಂದು ವಾದಕ್ಕೆ ಅಂಕ ಕೊಟ್ಟರೇ ಹೊರತು ಅದರ ಹದಿಮೂರು ಹಾಡುಗಳಿಗೆ ಕೊಡಲಿಲ್ಲ ಎಂದು ನನಗೆ ತೋರುತ್ತದೆ. ಯಂತ್ರಗಳಿಂದ ಸಂಗೀತಕ್ಕೆ ಜೀವ ಹೋಗಿದೆ, ಮನುಷ್ಯರು ಕೈಯಾರೆ ನುಡಿಸಿ ಆ ಜೀವವನ್ನು ಮರಳಿ ಕೊಡಬೇಕು ಎಂಬುದು ಆ ವಾದ. ಮೊದಲನೆಯ ಹಾಡಿನ ಶೀರ್ಷಿಕೆಯೇ ‘ಗಿವ್ ಲೈಫ್ ಬ್ಯಾಕ್ ಟು ಮ್ಯೂಸಿಕ್’. ಬಿಡುಗಡೆಗೆ ಮೊದಲಿನ ಸಂದರ್ಶನಗಳಲ್ಲಿ ಅವರಿಬ್ಬರೂ ಆ ಕಾಲದ ಎಲೆಕ್ಟ್ರಾನಿಕ್ ಸಂಗೀತ ನಿಂತಲ್ಲೇ ನಿಂತಿದೆ ಎಂಬ ಅರ್ಥದಲ್ಲಿ ಮಾತನಾಡಿದ್ದರು. ವಿಮರ್ಶಕರು ಆ ಮಾತನ್ನು ಹಿಡಿದುಕೊಂಡೇ ಆಲ್ಬಮ್ಮಿನೊಳಗೆ ಕಾಲಿಟ್ಟರು. ಅವತ್ತು ವಾದ ಇಷ್ಟವಾಯಿತು, ಹಲವು ವಿಮರ್ಶೆಗಳ ಅಂಕಗಳನ್ನು ಒಟ್ಟುಗೂಡಿಸುವ ಮೆಟಾಕ್ರಿಟಿಕ್‌ನ ಸರಾಸರಿ ನೂರರಲ್ಲಿ 87ಕ್ಕೆ ನಿಂತಿತು. 2014ರ ಜನವರಿಯಲ್ಲಿ ‘ವರ್ಷದ ಆಲ್ಬಂ’ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಎಂಟು ವರ್ಷಗಳ ನಂತರ ಅದೇ ವಾದ ಹಳೆಯ ಕಾಲದ ಹಂಬಲದಂತೆ ಕೇಳಿಸಿತು, ಅಂಕ ಇಳಿಯಿತು.

ಹಾಡುಗಳನ್ನು ಕೇಳಿದರೆ ಮಾತ್ರ ಆ ವಾದಕ್ಕೆ ಹಾಡುಗಳೇ ಪೂರ್ತಿ ಒಪ್ಪುವುದಿಲ್ಲ. ಈ ಆಲ್ಬಮ್ಮಿನಲ್ಲಿ ಅತ್ಯಂತ ದುಃಖದಿಂದ ಹಾಡುವ ದನಿ ಮನುಷ್ಯನದಲ್ಲ, ವೊಕೋಡರ್ ಎಂಬ ಯಂತ್ರದ ಮೂಲಕ ಹಾದುಬಂದ ರೋಬೋ ದನಿ. ‘ದ ಗೇಮ್ ಆಫ್ ಲವ್’ ಮತ್ತು ‘ವಿದಿನ್’ ಎರಡನ್ನೂ ಕೇಳಿ. ಸುತ್ತ ಕುಳಿತ ವಾದಕರು ಅಚ್ಚುಕಟ್ಟಾಗಿ, ಒಂದಿಷ್ಟೂ ತಡವರಿಸದೆ ನುಡಿಸುತ್ತಾರೆ, ತಡವರಿಸುವುದು ಯಂತ್ರ. ಒಂದೇ ಒಂದು ಸ್ಯಾಂಪಲ್ (ಹಳೆಯ ಧ್ವನಿಮುದ್ರಣದಿಂದ ಕತ್ತರಿಸಿ ತೆಗೆದ ತುಣುಕು) ಕೂಡ ಬಳಸದೆ ಮಾಡಿದ ಆಲ್ಬಂ ಎಂದು ಇದನ್ನು ಹೊಗಳಿದವರು ಈ ತಿರುವುಮುರುವನ್ನು ಗಮನಿಸಿದಂತೆ ಕಾಣಲಿಲ್ಲ.

ನಿಮ್ಮ ಅನುಭವ ಹೇಗಿದೆ? ಆಗ ಕೇಳಿದವರು, ಈಗ ಕೇಳುತ್ತಿರುವವರು ಇಬ್ಬರೂ ಬರೆಯಿರಿ.


ಹಳೆಯ ಕ್ಯಾಸೆಟ್:

ನೀವು ವಿಮರ್ಶಕರ ಬಗ್ಗೆ ಬರೆದಿದ್ದೀರಿ. ನಾನು ಅಂದು ಕಾದು ಕುಳಿತಿದ್ದ ಕೇಳುಗರ ಪರವಾಗಿ ಬರೆಯುತ್ತೇನೆ. ನನಗೆ ಈ ಆಲ್ಬಂ ಮೊದಲ ದಿನವೇ 6.8ರಂತೆ ಕೇಳಿಸಿತ್ತು. ಪತ್ರಿಕೆ ನನ್ನ ಅಂಕಕ್ಕೆ ಬರಲು ಎಂಟು ವರ್ಷ ತೆಗೆದುಕೊಂಡಿತು ಎಂದು ಹೇಳಿದರೆ ಜಂಭವೆನಿಸಬಹುದು, ಕ್ಷಮಿಸಿ.

2005ರ ‘ಹ್ಯೂಮನ್ ಆಫ್ಟರ್ ಆಲ್’ ನಂತರ ನಮಗೆ ಎಂಟು ವರ್ಷ ಹೊಸ ಸ್ಟುಡಿಯೋ ಆಲ್ಬಂ ಸಿಗಲಿಲ್ಲ. ನಡುವೆ 2010ರಲ್ಲಿ ಒಂದು ಚಲನಚಿತ್ರದ ಹಿನ್ನೆಲೆ ಸಂಗೀತ ಬಂದಿತ್ತು, ಅಷ್ಟೇ. ಆಮೇಲೆ 2013ರ ಮಾರ್ಚ್‌ನಲ್ಲಿ ಅಮೆರಿಕದ ದೂರದರ್ಶನ ಕಾರ್ಯಕ್ರಮವೊಂದರ ನಡುವೆ ಕೆಲವೇ ಕ್ಷಣಗಳ ಒಂದು ತುಣುಕು ಕೇಳಿಸಿತು. ಅದರಲ್ಲಿ ಇದ್ದದ್ದು ಗಿಟಾರಿನ ಒಂದು ಮಿಡಿತ ಮಾತ್ರ. ಅಭಿಮಾನಿಗಳು ಆ ತುಣುಕನ್ನೇ ಮತ್ತೆ ಮತ್ತೆ ಜೋಡಿಸಿ ಹತ್ತಾರು ನಿಮಿಷಗಳ ಹಾಡು ಮಾಡಿ ಕೇಳಿದರು. ಏಪ್ರಿಲ್‌ನಲ್ಲಿ ಕೋಚೆಲ್ಲಾ ಉತ್ಸವದ ಪರದೆಗಳ ಮೇಲೆ ಸಣ್ಣ ಚಿತ್ರವೊಂದು ಮೂಡಿತು. 19ನೇ ತಾರೀಖು ಆಲ್ಬಮ್ಮಿನ ಮೊದಲ ಬಿಡಿ ಹಾಡಾಗಿ ‘ಗೆಟ್ ಲಕಿ’ ಬಂತು. ಅಷ್ಟು ಹೊತ್ತಿಗೆ ಆಲ್ಬಂ ಹೇಗಿರಬೇಕು ಎಂಬುದನ್ನು ನಾವೆಲ್ಲ ನಮ್ಮ ತಲೆಯಲ್ಲಿಯೇ ಮಾಡಿ ಮುಗಿಸಿದ್ದೆವು.

ಕೇಳಲು ಕುಳಿತರೆ ಎರಡನೆಯ ಹಾಡಿಗೇ ವೇಗ ಕುಸಿಯುತ್ತದೆ. ಮೂರನೆಯದು ಒಂಬತ್ತು ನಿಮಿಷದ್ದು, ಅದರಲ್ಲಿ ಹಿರಿಯರೊಬ್ಬರು ತಮ್ಮ ಬಾಲ್ಯದ ಕನಸನ್ನು ಹೇಳುತ್ತಾ ಹೋಗುತ್ತಾರೆ. ನಾಲ್ಕನೆಯದು ಪಿಯಾನೋ ಹಾಡು. ‘ಗೆಟ್ ಲಕಿ’ ಸಿಗಬೇಕಾದರೆ ಎಂಟನೆಯ ಸ್ಥಾನದವರೆಗೆ ಕಾಯಬೇಕು. ಒಟ್ಟು 74 ನಿಮಿಷಗಳಲ್ಲಿ ಎದ್ದು ಕುಣಿಯುವಂಥದ್ದು ಎಷ್ಟು? ‘ಡಿಸ್ಕವರಿ’ಯಲ್ಲಿ ಅವರು ಎಪ್ಪತ್ತರ ದಶಕದ ಡಿಸ್ಕೋ ಮತ್ತು ಫಂಕ್ ಗ್ರಾಮಫೋನ್ ತಟ್ಟೆಗಳಿಂದ ಒಂದೊಂದು ಚೂರನ್ನು ಕತ್ತರಿಸಿ, ತಿರುಚಿ, ಉಬ್ಬಿಸಿ, ಮೂಲದವರೇ ಗುರುತು ಹಿಡಿಯದಂತೆ ಮಾಡುತ್ತಿದ್ದರು. ‘ಹಾರ್ಡರ್, ಬೆಟರ್, ಫಾಸ್ಟರ್, ಸ್ಟ್ರಾಂಗರ್’ ಹಾಡಿನ ಕೆಳಗಿರುವುದು 1979ರ ಎಡ್ವಿನ್ ಬರ್ಡ್‌ಸಾಂಗ್ ಅವರ ಒಂದು ಹಾಡು. ಆ ಕತ್ತರಿ ಕೆಲಸದಲ್ಲಿ ಒಂದು ತುಂಟತನವಿತ್ತು, ಕಡಿಮೆ ಖರ್ಚಿನವನ ಜಾಣತನವಿತ್ತು. 2013ರಲ್ಲಿ ಅವರು ಆ ತಟ್ಟೆಗಳಲ್ಲಿ ನುಡಿಸಿದಂಥ ವಾದಕರನ್ನೇ ದುಬಾರಿ ಸ್ಟುಡಿಯೋಗೆ ಕರೆಸಿಕೊಂಡರು. ಕದ್ದು ತಿಂದ ಮಾವಿನ ರುಚಿ ಕೊಂಡು ತಂದ ಮಾವಿಗೆ ಇರುವುದಿಲ್ಲ.


ನಾಲ್ಕು ಸುತ್ತು:

ಮಾವಿನ ಮಾತಿಗೆ ನನ್ನ ಒಪ್ಪಿಗೆ ಅರ್ಧ. ಹೊಸದಾಗಿ ನುಡಿಸಿದ್ದರಿಂದ ಮಾತ್ರ ಸಾಧ್ಯವಾದ ಒಂದು ಸಂಗತಿಯನ್ನು ‘ಗೆಟ್ ಲಕಿ’ಯಲ್ಲಿಯೇ ತೋರಿಸಬಹುದು. ಹಾಡಿನ ಜನಪ್ರಿಯತೆಗೆ ಎಲ್ಲರೂ ಫ್ಯಾರೆಲ್ ವಿಲಿಯಮ್ಸ್ ಅವರ ದನಿಯನ್ನೂ ನೈಲ್ ರಾಜರ್ಸ್ ಅವರ ಗಿಟಾರನ್ನೂ ಕಾರಣವೆಂದು ಹೇಳುತ್ತಾರೆ. ಅವೆರಡರ ಕೆಳಗಿರುವ ಸ್ವರಮೇಳದ ಬಗ್ಗೆ ಮಾತು ಕಡಿಮೆ.

ಸ್ವರಗಳನ್ನು ಒಟ್ಟಿಗೆ ನುಡಿಸುವ ಗುಚ್ಛಕ್ಕೆ ಕಾರ್ಡ್ ಎನ್ನುತ್ತಾರೆ. ಇಡೀ ಹಾಡಿನಲ್ಲಿ ಇರುವುದು ನಾಲ್ಕೇ ಕಾರ್ಡ್‌ಗಳು: ಬಿ ಮೈನರ್, ಡಿ ಮೇಜರ್, ಎಫ್ ಶಾರ್ಪ್ ಮೈನರ್, ಇ ಮೇಜರ್. ಪಲ್ಲವಿಗೂ ಚರಣಕ್ಕೂ ಅವೇ, ನಡುವಿನ ವೊಕೋಡರ್ ಭಾಗಕ್ಕೂ ಅವೇ. ಈ ನಾಲ್ಕರಲ್ಲಿರುವ ಸ್ವರಗಳನ್ನೆಲ್ಲ ಸೇರಿಸಿದರೆ ಎ ಮೇಜರ್ ಶ್ರುತಿಯ ಸ್ವರಗಳೇ ಸಿಗುತ್ತವೆ, ಆದರೆ ಎ ಮೇಜರ್ ಕಾರ್ಡ್ ಒಮ್ಮೆಯೂ ಬರುವುದಿಲ್ಲ. ಯಜಮಾನ ಊರಲ್ಲಿಲ್ಲದ ಮನೆಯಂತೆ. ಎಲ್ಲರೂ ಓಡಾಡುತ್ತಿರುತ್ತಾರೆ, ಯಾರೂ ನೆಲೆಯಾಗಿ ಕೂರುವುದಿಲ್ಲ. ಹಾಡಿನ ನೆಲೆ ಬಿ ಎಂದು ಕೆಲವರು ವಾದಿಸುತ್ತಾರೆ, ಎಫ್ ಶಾರ್ಪ್ ಎಂದು ಇನ್ನು ಕೆಲವರು. ನನ್ನ ಕಿವಿಗೆ ಅದು ದಿನಕ್ಕೊಂದು ರೀತಿ ಕೇಳಿಸುತ್ತದೆ. ನಿಲ್ಲಲು ಜಾಗ ಸಿಗದ ಕಾರಣವೇ ಸುತ್ತು ಮುಗಿದಾಗಲೆಲ್ಲ ಮತ್ತೊಂದು ಸುತ್ತು ಬೇಕೆನಿಸುತ್ತದೆ. ನಿಮಿಷಕ್ಕೆ 116 ತಾಳದ ನಡಿಗೆಯೂ ಹಾಗೆಯೇ, ಓಟಕ್ಕೂ ಅಲ್ಲ ನಡಿಗೆಗೂ ಅಲ್ಲ ಎಂಬಂಥದ್ದು.

ಇಂಥ ಸುತ್ತನ್ನು ಯಂತ್ರದಲ್ಲಿ ಹಾಕಿ ಆರು ನಿಮಿಷ ಓಡಿಸಿದ್ದರೆ ಎರಡನೆಯ ನಿಮಿಷಕ್ಕೇ ಬೇಸರ ಬರುತ್ತಿತ್ತೇನೋ. ರಾಜರ್ಸ್ ಅವರ ಬಲಗೈ ಒಂದೊಂದು ಸುತ್ತಿನಲ್ಲೂ ತಂತಿಗಳನ್ನು ಮೀಟುವ ತೂಕವನ್ನು ಕಿಂಚಿತ್ತು ಬದಲಿಸುತ್ತದೆ. ನೇಥನ್ ಈಸ್ಟ್ ಅವರ ಬಾಸ್ ಗಿಟಾರ್ ಒಮ್ಮೆ ಮುಂದೆ ಬಂದು ಮತ್ತೆ ಹಿಂದೆ ಸರಿಯುತ್ತದೆ. ‘ಜೀವ ಕೊಡುವುದು’ ಎಂಬ ಘೋಷಣೆಯನ್ನು ನಾನು ನಂಬುವುದಿಲ್ಲ, ಈ ಬಲಗೈಯನ್ನು ನಂಬುತ್ತೇನೆ.

ಒಂದು ತಮಾಷೆ: ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಈ ಹಾಡು ಎರಡನೆಯ ಸ್ಥಾನದಲ್ಲಿಯೇ ನಿಂತುಬಿಟ್ಟಿತು. ಮೊದಲನೆಯ ಸ್ಥಾನ ಬಿಡದೆ ಕುಳಿತಿದ್ದ ಹಾಡಿನಲ್ಲಿಯೂ ಇದ್ದವರು ಇದೇ ಫ್ಯಾರೆಲ್ ವಿಲಿಯಮ್ಸ್.


ಕೊನೆಯ ಹಾಡು:

ಮಂದ್ರಸ್ಥಾಯಿ ಅವರೇ, ಒಂದು ತಿದ್ದುಪಡಿ. ‘ಒಂದೇ ಒಂದು ಸ್ಯಾಂಪಲ್ ಕೂಡ ಬಳಸದೆ’ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ, ಆದರೆ ಅದು ನಿಜವಲ್ಲ. ಆಲ್ಬಮ್ಮಿನ ಕೊನೆಯ ಹಾಡಾದ ‘ಕಾಂಟ್ಯಾಕ್ಟ್’ ನಿಂತಿರುವುದೇ ಆಸ್ಟ್ರೇಲಿಯಾದ ದ ಶೆರ್ಬ್ಸ್ ತಂಡದ ಹಳೆಯ ಹಾಡೊಂದರ ಸ್ಯಾಂಪಲ್ ಮೇಲೆ. ಆರಂಭದಲ್ಲಿ ಕೇಳಿಸುವ ದನಿ ಅಪೋಲೋ 17ರ ಗಗನಯಾತ್ರಿ ಯೂಜೀನ್ ಸರ್ನನ್ ಅವರದು, ಅದೂ ದಾಖಲೆಯಿಂದ ತೆಗೆದದ್ದೇ. ಜೀವಂತ ವಾದನದ ಬಗ್ಗೆ 68 ನಿಮಿಷ ಹೇಳಿದ ಮೇಲೆ, ಬಿಟ್ಟುಹೋಗುವ ಮುನ್ನ ತಮ್ಮ ಹಳೆಯ ಕತ್ತರಿಯನ್ನೇ ಮತ್ತೆ ಕೈಗೆತ್ತಿಕೊಂಡಿದ್ದಾರೆ. ನನ್ನ ಮಟ್ಟಿಗೆ ಇಡೀ ಆಲ್ಬಮ್ಮಿನಲ್ಲಿ ಮೈನವಿರೇಳುವುದು ಅಲ್ಲಿಯೇ.


ಮಂದ್ರಸ್ಥಾಯಿ:

ತಪ್ಪು ಒಪ್ಪಿಕೊಂಡೆ. ಯಾರೋ ಬರೆದದ್ದನ್ನು ಪರೀಕ್ಷಿಸದೆ ನಾನೂ ಬರೆದುಬಿಟ್ಟೆ. ವಿಮರ್ಶಕರು ಹಾಡು ಬಿಟ್ಟು ವಾದವನ್ನು ಕೇಳಿದರು ಎಂದು ದೂರಿದವನೇ ಅದೇ ತಪ್ಪು ಮಾಡಿದ್ದೇನೆ.


ಟೇಪು ಯಂತ್ರ:

ನಾನು ಧ್ವನಿಮುದ್ರಣ ಕೆಲಸದವನು. ಈ ಆಲ್ಬಂ ಬಗ್ಗೆ ನಮ್ಮ ವೃತ್ತಿಯವರಲ್ಲಿ ಇರುವ ಗೌರವಕ್ಕೂ ಸಾಮಾನ್ಯ ಕೇಳುಗರಲ್ಲಿರುವ ಮಿಶ್ರ ಭಾವನೆಗೂ ನಡುವಿನ ಅಂತರ ನನಗೆ ಯಾವಾಗಲೂ ಕುತೂಹಲ ಹುಟ್ಟಿಸಿದೆ. ಶಾಸ್ತ್ರೀಯೇತರ ವಿಭಾಗದ ಅತ್ಯುತ್ತಮ ಧ್ವನಿ ಎಂಜಿನಿಯರಿಂಗ್‌ಗಾಗಿ ಇದಕ್ಕೆ ಗ್ರ್ಯಾಮಿ ಬಂದಿದೆ. ಮಿಶ್ರಣ ಮಾಡಿದವರು ಮಿಕ್ ಗುಜೌಸ್ಕಿ, ಮಾಸ್ಟರಿಂಗ್‌ನಲ್ಲಿ, ಅಂದರೆ ದನಿಯ ಕೊನೆಯ ಹದ ಮಾಡುವ ಕೆಲಸದಲ್ಲಿ, ಬಾಬ್ ಲುಡ್ವಿಗ್ ಇದ್ದರು. ಸ್ಪೀಕರ್, ಹೆಡ್‌ಫೋನ್ ಪರೀಕ್ಷಿಸುವವರು ಇಂದಿಗೂ ಮೊದಲು ಹಾಕುವ ಹಾಡುಗಳಲ್ಲಿ ಈ ಆಲ್ಬಮ್ಮಿನ ಒಂದಾದರೂ ಇರುತ್ತದೆ.

ಕಾರಣವನ್ನು ಸರಳವಾಗಿ ಹೇಳುತ್ತೇನೆ. 2013ರ ಹೊತ್ತಿಗೆ ಜನಪ್ರಿಯ ಸಂಗೀತದಲ್ಲಿ, ಅದರಲ್ಲೂ ದೊಡ್ಡ ಉತ್ಸವಗಳ ಎಲೆಕ್ಟ್ರಾನಿಕ್ ನೃತ್ಯ ಸಂಗೀತದಲ್ಲಿ (ಇಡಿಎಂ), ಹಾಡನ್ನು ಆದಷ್ಟು ಜೋರಾಗಿ ಕೇಳಿಸುವ ಪೈಪೋಟಿ ವಿಪರೀತಕ್ಕೆ ಹೋಗಿತ್ತು. ಹಾಗೆ ಮಾಡಬೇಕಾದರೆ ಮೆಲುದನಿ ಮತ್ತು ಗಟ್ಟಿದನಿಯ ನಡುವಿನ ವ್ಯತ್ಯಾಸವನ್ನು ಹಿಂಡಿ ತೆಗೆಯಬೇಕು. ಡ್ರಮ್ಮಿನ ಪೆಟ್ಟಿಗೆ ಏಳುವುದಕ್ಕೆ ಜಾಗವೇ ಉಳಿಯುವುದಿಲ್ಲ. ಈ ಆಲ್ಬಮ್ಮಿನಲ್ಲಿ ಓಮರ್ ಹಕೀಮ್ ಮತ್ತು ಜಾನ್ ರಾಬಿನ್ಸನ್ ಅವರ ಡ್ರಮ್ ಪೆಟ್ಟು ಎದ್ದು ಬಿದ್ದು ಉಸಿರಾಡುತ್ತದೆ. ಅದೇ ಪಟ್ಟಿಯಲ್ಲಿದ್ದ ಬೇರೆ ಹಾಡುಗಳ ಪಕ್ಕದಲ್ಲಿ ಇದು ತುಸು ಸಣ್ಣ ದನಿಯದಾಗಿ ಕೇಳಿಸುತ್ತಿತ್ತು. ಹಳೆಯ ಕ್ಯಾಸೆಟ್ ಅವರಿಗೆ ಆದ ನಿರಾಸೆಯಲ್ಲಿ ಇದರದ್ದೂ ಒಂದು ಪಾಲು ಇರಬಹುದು. ದನಿಯನ್ನು ಸ್ವಲ್ಪ ಹೆಚ್ಚಿಸಿ ಕೇಳಬೇಕಾದ ಆಲ್ಬಂ ಇದು.

ಆದರೆ ‘ಜೀವಂತವಾಗಿ ನುಡಿಸಿದ್ದು’ ಎಂಬ ಹೊಗಳಿಕೆಯ ಬಗ್ಗೆ ಎಚ್ಚರವಿರಲಿ. ಅವರು ವಾದನವನ್ನು ಟೇಪಿನ ಮೇಲೂ ಕಂಪ್ಯೂಟರಿನಲ್ಲೂ ಒಟ್ಟಿಗೆ ಮುದ್ರಿಸಿಕೊಂಡರು, ಆಮೇಲೆ ಕೂತು ಆಯ್ದು ಜೋಡಿಸಿದರು. ವಾದಕರೆಲ್ಲ ಒಂದೇ ಕೋಣೆಯಲ್ಲಿ ಕುಳಿತು ಒಂದೇ ಉಸಿರಿಗೆ ನುಡಿಸಿದ ಚಿತ್ರ ಮನಸ್ಸಿನಲ್ಲಿದ್ದರೆ ಅದನ್ನು ಅಳಿಸಿಬಿಡಿ. ಹೊರಗಿನವರ ತಟ್ಟೆಯನ್ನು ಕತ್ತರಿಸುತ್ತಿದ್ದವರು ಇಲ್ಲಿ ತಾವೇ ನುಡಿಸಿಕೊಂಡದ್ದನ್ನು ಕತ್ತರಿಸಿದ್ದಾರೆ.

‘ಜಾರ್ಜಿಯೋ ಬೈ ಮೊರೊಡರ್’ ಎಂಬ ಮೂರನೆಯ ಹಾಡಿಗಾಗಿ ಡಿಸ್ಕೋ ಕಾಲದ ನಿರ್ಮಾಪಕ ಜಾರ್ಜಿಯೋ ಮೊರೊಡರ್ ಅವರ ಮಾತನ್ನು ಮುದ್ರಿಸುವಾಗ ಬೇರೆ ಬೇರೆ ದಶಕಗಳ ಮೈಕ್‌ಗಳನ್ನು ಎದುರಿಗಿಟ್ಟಿದ್ದರು, ಅವರು ಯಾವ ಕಾಲದ ಕಥೆ ಹೇಳುತ್ತಾರೋ ಆ ಕಾಲದ ಮೈಕಿನ ದನಿಯನ್ನು ಬಳಸುವುದಕ್ಕೆ. ಆ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ. ನಾನು ಒಳ್ಳೆಯ ಉಪಕರಣದಲ್ಲಿ ಹಲವು ಸಲ ಕೇಳಿದ್ದೇನೆ, ನನಗೂ ಖಚಿತವಾಗಿ ಗೊತ್ತಾಗಿಲ್ಲ. ಈ ಒಂದು ವಿವರವನ್ನು ಕೇಳಿ ನನ್ನ ವೃತ್ತಿಯವರು ಕೈಮುಗಿಯುತ್ತಾರೆ. ಉಳಿದವರು ಹುಬ್ಬೇರಿಸುತ್ತಾರೆ. ಇಬ್ಬರೂ ಸರಿಯೇ.


ಹಳೆಯ ಕ್ಯಾಸೆಟ್:

ದನಿಯ ಗುಣಮಟ್ಟದ ಬಗ್ಗೆ ನನ್ನ ತಕರಾರೇನೂ ಇರಲಿಲ್ಲ, ಅದನ್ನು ನಾನು ಮೊದಲೇ ಹೇಳಬೇಕಿತ್ತು. ನನ್ನ ನಿಜವಾದ ಮುನಿಸು ಬೇರೆ ಕಡೆ ಇದೆ. ಟೇಪು ಯಂತ್ರ ಅವರು ಮೊರೊಡರ್ ಹೆಸರೆತ್ತಿದ್ದರಿಂದ ಹೇಳಲು ದಾರಿಯಾಯಿತು.

ಡಿಸ್ಕೋ ಬೆಳೆದದ್ದು ಅಮೆರಿಕದ ಕಪ್ಪು ಜನರ, ಲ್ಯಾಟಿನೋ ಜನರ, ಸಲಿಂಗಿಗಳ ನೃತ್ಯಕೋಣೆಗಳಲ್ಲಿ. 1979ರ ಜುಲೈ 12ರಂದು ಷಿಕಾಗೋದ ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ತಟ್ಟೆಗಳನ್ನು ರಾಶಿ ಹಾಕಿ ಸಿಡಿಸಿದರು, ಜನ ಮೈದಾನಕ್ಕೆ ನುಗ್ಗಿದರು. ಡಿಸ್ಕೋ ಸತ್ತಿತೆಂದು ರೇಡಿಯೋಗಳು ಕೈಬಿಟ್ಟ ಮೇಲೆ ಅದೇ ಊರಿನ ವೇರ್‌ಹೌಸ್ ಕ್ಲಬ್ಬಿನಲ್ಲಿ ಡಿಜೆ ಫ್ರಾಂಕಿ ನಕಲ್ಸ್ ಅಂಥವರು ಅದನ್ನು ಬೇರೊಂದು ರೂಪದಲ್ಲಿ ಉಳಿಸಿಕೊಂಡರು. ಮುಂದೆ ಹೌಸ್ ಸಂಗೀತ ಎನಿಸಿಕೊಂಡದ್ದು ಅದೇ. ವಾದ್ಯವೃಂದಕ್ಕೆ ಕೊಡಲು ದುಡ್ಡಿಲ್ಲದವರು ಅಗ್ಗದ ಡ್ರಮ್ ಯಂತ್ರದಲ್ಲಿ ಮಾಡಿದ ಸಂಗೀತ. ಡಾಫ್ಟ್ ಪಂಕ್ ಈ ಋಣವನ್ನು ಚೆನ್ನಾಗಿ ಬಲ್ಲವರು. 1997ರ ‘ಹೋಮ್‌ವರ್ಕ್’ನಲ್ಲಿ ‘ಟೀಚರ್ಸ್’ ಎಂಬ ಹಾಡಿಟ್ಟು ಆ ಗುರುಗಳ ಹೆಸರುಗಳನ್ನು ಸಾಲಾಗಿ ಹೇಳಿದವರು ಅವರೇ.

ಅಂಥವರು ಹದಿನಾರು ವರ್ಷಗಳ ನಂತರ ‘ಸಂಗೀತಕ್ಕೆ ಜೀವ ಮರಳಿ ಕೊಡಿ’ ಎಂದು ಹಾಡಿದಾಗ, ಹಾಗಾದರೆ ಆ ಅಗ್ಗದ ಯಂತ್ರಗಳಲ್ಲಿ ಜೀವವಿರಲಿಲ್ಲವೇ ಎಂದು ಕೇಳಬೇಕೆನಿಸುತ್ತದೆ. ಈ ಆಲ್ಬಮ್ಮಿನ ಎಪ್ಪತ್ತರ ದಶಕದಲ್ಲಿ ಲಾಸ್ ಏಂಜಲೀಸ್‌ನ ಹೊಳಪಿನ ಸ್ಟುಡಿಯೋಗಳೇ ತುಂಬಿವೆ, ಬೆವರಿನ ನೆಲಮಾಳಿಗೆಗಳು ಕಾಣುವುದಿಲ್ಲ. ದೂರದ ಬೆಟ್ಟ ನುಣ್ಣಗೆ. 2013ರಲ್ಲಿಯೇ ಈ ಆಕ್ಷೇಪ ಎತ್ತಿದವರಿದ್ದರು, ಹೊಗಳಿಕೆಯ ಗದ್ದಲದಲ್ಲಿ ಅವರ ದನಿ ಕೇಳಿಸಲಿಲ್ಲ.


ನಾಲ್ಕು ಸುತ್ತು:

ಆಕ್ಷೇಪದಲ್ಲಿ ಹುರುಳಿದೆ. ಆದರೆ ಮೊರೊಡರ್ ಆ ಹಾಡಿನಲ್ಲಿ ಹೇಳುವುದನ್ನು ಪೂರ್ತಿ ಕೇಳಿ. ಅವರು ಕೊಂಡಾಡುವುದು ವಾದಕರನ್ನಲ್ಲ, ಟೇಪಿನ ಒಂದು ಟ್ರ್ಯಾಕಿನಲ್ಲಿ ಇಟ್ಟ ‘ಕ್ಲಿಕ್’ ಎಂಬ ತಾಳದ ಗುರುತನ್ನೂ ಅದಕ್ಕೆ ಹೊಂದಿಸಿ ಓಡಿಸಿದ ಮೂಗ್ ಸಿಂಥಸೈಜರನ್ನೂ. ಡೊನ್ನಾ ಸಮ್ಮರ್ ಹಾಡಿದ 1977ರ ‘ಐ ಫೀಲ್ ಲವ್’ ಹುಟ್ಟಿದ್ದೇ ಹಾಗೆ, ಯಂತ್ರದ್ದೇ ಹಾಡು ಎಂದು ಜಗತ್ತು ಅದನ್ನು ನೆನೆಯುತ್ತದೆ. ಅದರಲ್ಲಿಯೂ ಕಿಕ್ ಡ್ರಮ್ಮಿಗೆ ತಕ್ಕಷ್ಟು ಗಟ್ಟಿಯಾದ ದನಿ ಮೂಗ್‌ನಿಂದ ಬರದಿದ್ದಾಗ ಕೀತ್ ಫೋರ್ಸಿ ಎಂಬ ಡ್ರಮ್ ವಾದಕರು ಅದನ್ನು ಕಾಲಿನಿಂದಲೇ ನುಡಿಸಿದರು. ಆ ಹಾಡಿನಲ್ಲಿಯೇ ಯಂತ್ರ ಎಲ್ಲಿ ಮುಗಿಯುತ್ತದೆ, ಮನುಷ್ಯನ ಕಾಲು ಎಲ್ಲಿ ಆರಂಭವಾಗುತ್ತದೆ ಎಂದು ಗೆರೆ ಎಳೆಯಲು ಆಗುವುದಿಲ್ಲ. ಮೊದಲ ಹಾಡಿನ ಘೋಷಣೆಗೆ ಮೂರನೆಯ ಹಾಡೇ ಉತ್ತರ ಕೊಟ್ಟಿದೆ ಎಂದು ನಾನು ಓದಿಕೊಳ್ಳುತ್ತೇನೆ.

ಇನ್ನೊಂದು ಸಂಗತಿ. ಇದೇ ಜೋಡಿ 2013ರ ಜೂನ್‌ನಲ್ಲಿ, ಅಂದರೆ ಒಂದು ತಿಂಗಳ ಅಂತರದಲ್ಲಿ, ಕಾನ್ಯೆ ವೆಸ್ಟ್ ಅವರ ‘ಯೀಜಸ್’ ಆಲ್ಬಮ್ಮಿನ ಕೆಲವು ಹಾಡುಗಳಿಗೂ ಕೈ ಜೋಡಿಸಿತ್ತು. ಅದರ ಮೊದಲ ಹಾಡು ಕಿವಿ ಗೀರುವಂಥ ಒರಟು ಸಿಂಥಸೈಜರಿನಿಂದ ತೆರೆದುಕೊಳ್ಳುತ್ತದೆ. ಯಂತ್ರದ ಮೇಲೆ ನಂಬಿಕೆ ಕಳೆದುಕೊಂಡವರ ಕೆಲಸ ಅದಲ್ಲ.


ತಡವಾಗಿ ಬಂದವಳು:

ನಾನು ಈ ಆಲ್ಬಂ ಕೇಳಿದ್ದು ಅವರು ಬೇರೆಯಾದ ನಂತರ. ನೀವೆಲ್ಲ ಹೇಳುತ್ತಿರುವ ಕಾಯುವಿಕೆ, ದೂರದರ್ಶನದ ತುಣುಕು, ಕೋಚೆಲ್ಲಾ ಪರದೆ ಯಾವುದೂ ನನ್ನ ಕೇಳುವಿಕೆಯಲ್ಲಿ ಇಲ್ಲ. ನನಗೆ ಬಾಗಿಲಾದ ಹಾಡು ‘ಗೆಟ್ ಲಕಿ’ ಕೂಡ ಅಲ್ಲ, ಅದು ಸಮಾರಂಭಗಳಲ್ಲಿ ಹಾಕುವ ಹಾಡು ಎಂದು ನನ್ನ ಮನಸ್ಸಿನಲ್ಲಿ ಕುಳಿತುಬಿಟ್ಟಿತ್ತು. ನಾನು ಬಂದದ್ದು ‘ಇನ್‌ಸ್ಟಂಟ್ ಕ್ರಶ್’ ಮೂಲಕ. ಅದನ್ನು ಹಾಡಿದ ಜೂಲಿಯನ್ ಕಾಸಾಬ್ಲಾಂಕಸ್ ಯಾರೆಂದೂ ಆಗ ಗೊತ್ತಿರಲಿಲ್ಲ. ಮನುಷ್ಯನೊಬ್ಬ ಹೇಳಲಾಗದ್ದನ್ನು ಯಂತ್ರದ ಹಿಂದೆ ಅವಿತು ಹೇಳುತ್ತಿದ್ದಾನೆ ಎನಿಸಿತ್ತು, ಅಷ್ಟೇ. ನನ್ನ ವಯಸ್ಸಿನ ಅನೇಕರು ಈ ಆಲ್ಬಮ್ಮಿಗೆ ಬಂದದ್ದು ಇದೇ ಹಾಡಿನಿಂದ.

ಆದ್ದರಿಂದ ‘ಕುಣಿಯಲು ಆಗುವುದಿಲ್ಲ’ ಎಂಬ ದೂರು ನನಗೆ ವಿಚಿತ್ರವಾಗಿ ಕಾಣುತ್ತದೆ. ಕುಣಿಸುತ್ತೇನೆಂದು ಅದು ನನಗೆ ಮಾತು ಕೊಟ್ಟಿರಲಿಲ್ಲ. ನನಗೆ ಇದು ರಾತ್ರಿ ಒಬ್ಬಳೇ ಕೇಳುವ ಆಲ್ಬಂ. ಪಾಲ್ ವಿಲಿಯಮ್ಸ್ ಹಾಡಿದ ‘ಟಚ್’ ಎಂಟು ನಿಮಿಷಗಳಲ್ಲಿ ನಾಲ್ಕೈದು ಬೇರೆ ಹಾಡುಗಳಾಗಿ ಬದಲಾಗುತ್ತಾ ಹೋಗುತ್ತದೆ. ನಡುವೆ ಕುಣಿತದ ತುಣುಕೊಂದು ಬಂದು, ಇನ್ನೇನು ಹಿಡಿತಕ್ಕೆ ಸಿಕ್ಕಿತು ಎನ್ನುವಾಗ ಕರಗಿಬಿಡುತ್ತದೆ, ಕೊನೆಗೆ ಆ ಮುದಿ ದನಿಯೊಂದೇ ಉಳಿಯುತ್ತದೆ. 2013ರ ಕೆಲವು ವಿಮರ್ಶೆಗಳನ್ನು ಈಚೆಗೆ ಹುಡುಕಿ ಓದಿದೆ. ಇದನ್ನು ಅತಿಯಾಯಿತು ಎಂದವರೂ ಇದ್ದಾರೆ, ಆಲ್ಬಮ್ಮಿನ ಹೃದಯ ಎಂದವರೂ ಇದ್ದಾರೆ. ನನಗೆ ಎರಡೂ ಸರಿಯೆನಿಸುತ್ತದೆ, ಅತಿಯಾಗದಿದ್ದರೆ ಅದು ಹೃದಯವಾಗುತ್ತಿರಲಿಲ್ಲ.

ಬೇಸರ ತರಿಸುವ ಹಾಡುಗಳೂ ಇವೆ. ‘ಲೂಸ್ ಯುವರ್‌ಸೆಲ್ಫ್ ಟು ಡ್ಯಾನ್ಸ್’ ಮುಗಿಯುವುದನ್ನು ನಾನು ಒಮ್ಮೆಯೂ ಕಂಡಿಲ್ಲ, ಪ್ರತಿ ಸಲ ಮುಂದಕ್ಕೆ ಜಿಗಿಯುತ್ತೇನೆ.


ಸುಮ್ಮನೆ ಕೇಳುವವ:

ಜಾಹೀರಾತಿನ ಬಗ್ಗೆ ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಆಲ್ಬಂ ಬಿಡುಗಡೆಯ ಸಮಾರಂಭವನ್ನು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ವೀ ವಾ ಎಂಬ, ಹತ್ತಿ ಬೆಳೆಯುವ ಒಂದು ಸಣ್ಣ ಊರಿನ ಕೃಷಿ ಮೇಳದಲ್ಲಿ ಇಟ್ಟರು. ಜೋಡಿ ಮಾತ್ರ ಅಲ್ಲಿಗೆ ಹೋಗಲಿಲ್ಲ. ಅಮೆರಿಕದಲ್ಲಿ ಮೊದಲ ವಾರವೇ 3,39,000 ಪ್ರತಿಗಳು ಮಾರಾಟವಾದವು. ಇಷ್ಟೊಂದು ಕೊಳ್ಳಿಸಿದ ಮೇಲೆ ಯಾರಿಗಾದರೂ ನಿರಾಸೆ ಆಗದೆ ಇರುತ್ತದೆಯೇ? ‘ಗೆಟ್ ಲಕಿ’ಯಂಥ ಹದಿಮೂರು ಹಾಡು ಬೇಕೆಂದು ಕೊಂಡವರಿಗೆ ಒಂದೂವರೆ ಸಿಕ್ಕಿತು. ಉಳಿದದ್ದೆಲ್ಲ ವಿಮರ್ಶಕರ ತಲೆನೋವು.


ಮಂದ್ರಸ್ಥಾಯಿ:

ಒಂದೂವರೆ ಎಂಬ ಲೆಕ್ಕಕ್ಕೆ ನಗು ಬಂತು. ಅರ್ಧ ಯಾವುದೆಂದು ದಯವಿಟ್ಟು ತಿಳಿಸಿ.

ಹಳೆಯ ಕ್ಯಾಸೆಟ್ ಮತ್ತು ತಡವಾಗಿ ಬಂದವಳು ಇಬ್ಬರ ಬರಹವನ್ನೂ ಒಟ್ಟಿಗಿಟ್ಟು ಓದಿದರೆ, ಒಂದೇ ಆಲ್ಬಂ ಒಬ್ಬರಿಗೆ ಕೊಟ್ಟು ತಪ್ಪಿದ ಮಾತಾಗಿಯೂ ಇನ್ನೊಬ್ಬರಿಗೆ ಯಾರೂ ಕೊಡದ ಉಡುಗೊರೆಯಾಗಿಯೂ ಕೇಳಿಸಿದೆ. ಈ ಜೋಡಿಯ ವಿಷಯದಲ್ಲಿ ಇದು ಮೊದಲ ಸಲವೇನಲ್ಲ. ‘ಹ್ಯೂಮನ್ ಆಫ್ಟರ್ ಆಲ್’ ಬಂದಾಗ ಅದೇ ಪಿಚ್‌ಫೋರ್ಕ್ 4.9 ಕೊಟ್ಟಿತ್ತು, ಕೆಲವೇ ವಾರಗಳಲ್ಲಿ ಮುಗಿಸಿದ, ಒಂದೇ ಸಾಲನ್ನು ತಿರುಗಾ ಮುರುಗಾ ಹೇಳುವ ಆಲ್ಬಂ ಎಂಬ ದೂರು ಎಲ್ಲ ಕಡೆಯಿಂದ ಬಂತು. ಮುಂದೆ 2006 ಮತ್ತು 2007ರ ಪ್ರವಾಸದಲ್ಲಿ ವೇದಿಕೆಯ ಮೇಲೆ ಕಟ್ಟಿದ ಪಿರಮಿಡ್ಡಿನೊಳಗೆ ನಿಂತು ಅದೇ ಹಾಡುಗಳನ್ನು ಹಳೆಯ ಹಾಡುಗಳೊಂದಿಗೆ ಬೆರೆಸಿ ನುಡಿಸಿದಾಗ ಜನ ಹುಚ್ಚೆದ್ದು ಕುಣಿದರು. ಆ ಆಲ್ಬಂ ಅಲ್ಲಿಯವರೆಗೆ ಒಂದು ಅರ್ಧ ಮಾತ್ರವಾಗಿತ್ತು, ಇನ್ನೊಂದರ್ಧ ವೇದಿಕೆಯ ಮೇಲೆ ಸಿಕ್ಕಿತು.

‘ರ‍್ಯಾಂಡಮ್ ಆಕ್ಸೆಸ್ ಮೆಮೊರೀಸ್’ಗೆ ಆ ಅವಕಾಶ ಬರಲೇ ಇಲ್ಲ. ಅದರ ಹೆಸರಿನಲ್ಲಿ ಪ್ರವಾಸ ನಡೆಯಲಿಲ್ಲ. ಗ್ರ್ಯಾಮಿ ಸಮಾರಂಭದಲ್ಲಿ ಸ್ಟೀವಿ ವಂಡರ್, ರಾಜರ್ಸ್, ಫ್ಯಾರೆಲ್ ಅವರೊಂದಿಗೆ ಒಂದು ಸಲ ನುಡಿಸಿದ್ದೇ ನೆನಪಿನಲ್ಲಿ ಉಳಿದಿದೆ. ಬದಲಾಗಿ ಅದನ್ನು ಮುಂದುವರಿಸಿದವರು ಬೇರೆಯವರು. ಮುಂದಿನ ಏಳೆಂಟು ವರ್ಷ ಜನಪ್ರಿಯ ಸಂಗೀತದ ಪಟ್ಟಿಗಳಲ್ಲಿ ಅಂಥದ್ದೇ ಗಿಟಾರ್ ಮಿಡಿತ, ಅಂಥದ್ದೇ ದುಂಡನೆಯ ಬಾಸ್ ತುಂಬಿಹೋದವು. 2021ರಲ್ಲಿ ಅಂಕ ಇಳಿಸಿದವರ ಕಿವಿಗೆ ಆ ಎಲ್ಲ ನಕಲುಗಳೂ ಬಿದ್ದಾಗಿತ್ತು. ಮೂಲ ಹಳತೆನಿಸಿದ್ದರಲ್ಲಿ ನಕಲುಗಳ ಪಾಲು ಎಷ್ಟು ಎಂಬುದನ್ನು ಬೇರ್ಪಡಿಸಿ ಅಂಕ ಕೊಡುವುದು ಯಾರಿಂದಲೂ ಆಗದ ಕೆಲಸ.


ಕೊನೆಯ ಹಾಡು:

2023ರ ನವೆಂಬರ್‌ನಲ್ಲಿ ಬಂದ ‘ಡ್ರಮ್‌ಲೆಸ್’ ಆವೃತ್ತಿಯನ್ನು ಯಾರಾದರೂ ಪೂರ್ತಿ ಕೇಳಿದ್ದೀರಾ? ಇಡೀ ಆಲ್ಬಂ, ಡ್ರಮ್ ಮಾತ್ರ ಇಲ್ಲ. ಬಂದಾಗ ಬಹಳ ಮಂದಿ ನಕ್ಕರು. ಹತ್ತನೆಯ ವರ್ಷದ ನೆಪದಲ್ಲಿ ಅದೇ ಸರಕನ್ನು ಮತ್ತೆ ಮಾರುತ್ತಿದ್ದಾರೆ ಎಂದರು, ನಾನೂ ಹಾಗೆಯೇ ಅಂದುಕೊಂಡಿದ್ದೆ.


ಹಳೆಯ ಕ್ಯಾಸೆಟ್:

ನಾನು ಕೇಳಿದ್ದೇನೆ, ಬೈಯಲೆಂದೇ ಕೇಳಿದೆ. ಡ್ರಮ್ ಇಲ್ಲದ ‘ಗೆಟ್ ಲಕಿ’ಯಲ್ಲಿ ತಾಳವನ್ನು ಹೊರುವುದು ಗಿಟಾರ್ ಮತ್ತು ಬಾಸ್ ಮಾತ್ರ, ನಾಲ್ಕು ಸುತ್ತು ಅವರು ಹೇಳಿದ ಬಲಗೈ ಅಲ್ಲಿ ಬಟ್ಟೆ ಕಳಚಿ ನಿಂತಂತೆ ಕೇಳಿಸುತ್ತದೆ. ಮೊದಲ ಆವೃತ್ತಿಯಲ್ಲಿ ನನಗೆ ನಯ ಹೆಚ್ಚಾಯಿತು ಎನಿಸಿದ್ದ ವಾದನವೇ ಇಲ್ಲಿ ಒಂದಿಷ್ಟು ಒಂಟಿಯಾಗಿ, ಒಂದಿಷ್ಟು ಅಂಜಿಕೆಯಿಂದ ನಡೆಯುತ್ತದೆ. ‘ವಿದಿನ್’ ಹಾಡಿನಲ್ಲಿ ಪಿಯಾನೋ ಮತ್ತು ಆ ರೋಬೋ ದನಿ ಇನ್ನೂ ಹತ್ತಿರಕ್ಕೆ ಬರುತ್ತವೆ. ಷಿಕಾಗೋ ಬಗ್ಗೆ ನಾನು ಬರೆದದ್ದರಲ್ಲಿ ಒಂದು ಅಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಕುಣಿಸುವ ಆಲ್ಬಮ್ಮಿನಿಂದ ಡ್ರಮ್ ತೆಗೆದರೆ ಏನೂ ಉಳಿಯಬಾರದಿತ್ತು, ಇಲ್ಲಿ ಬಹಳಷ್ಟು ಉಳಿಯಿತು. ಅಂದರೆ ನಾನು 2013ರಲ್ಲಿ ಇದನ್ನು ಕುಣಿಯುವ ಆಲ್ಬಂ ಎಂದುಕೊಂಡು ಕೊಂಡದ್ದೇ ತಪ್ಪಿರಬಹುದು. ಅಂಕ ಮಾತ್ರ 6.8ರಿಂದ ಏರಿಸುವುದಿಲ್ಲ.


ಸುಮ್ಮನೆ ಕೇಳುವವ:

ಅರ್ಧ ಹಾಡು ‘ಲೂಸ್ ಯುವರ್‌ಸೆಲ್ಫ್ ಟು ಡ್ಯಾನ್ಸ್’. ತಡವಾಗಿ ಬಂದವಳು ಮುಂದಕ್ಕೆ ಜಿಗಿಯುವ ಜಾಗದಲ್ಲೇ ನಾನೂ ಜಿಗಿಯುತ್ತೇನೆ.